ಚಂದ್ರು ಅವರಿಗೆ, ಒಂದು ಚಮಚ

ಪೊಟ್ಟಣದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘ಚಂದ್ರು ಅವರಿಗೆ’ ಎಂದು ಬರೆದಿತ್ತು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ‘ಮಲಗುವ ಮುಂಚೆ ಒಂದು ಚಮಚ, ಬಿಸಿನೀರಿನಲ್ಲಿ’. ಶೋಭಾರಾಣಿ ಅದನ್ನು ಎರಡು ಸಲ ಓದಿದಳು. ಹನ್ನೊಂದು ವರ್ಷದಿಂದ ಆ ಮನುಷ್ಯನ ಹೆಂಡತಿಯಾಗಿರುವ ಅವಳಿಗೆ ಚಂದ್ರು ಎನ್ನುವವನೊಬ್ಬ ಇದ್ದಾನೆಂದೇ ಗೊತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಅವನು ಚಂದ್ರಮೋಹನ್. ಯಲ್ದೂರಿನ ಮನೆಯಲ್ಲಿ ಅವನ ತಾಯಿಗೆ ಮೋಹನ, ಊರವರಿಗೆ ಮೋಹನಣ್ಣ, ಅವಳಿಗೆ ಬರೀ ‘ರೀ’. ಈ ಚಂದ್ರು ಯಾರು, ಅವನಿಗೆ ಎಂಥ ಮುಖ, ಅವನು ಯಾವ ದನಿಯಲ್ಲಿ ಮಾತಾಡುತ್ತಾನೆ? ದೇವರಾಯಸಮುದ್ರದಲ್ಲಿ ಅಮರನಾಥನ ಮನೆಯ ನಡುಮನೆಯಲ್ಲಿ, ಬಾಯಿ ತೆರೆದು ಬಿದ್ದ ಸೂಟ್‌ಕೇಸಿನ ಮುಂದೆ, ಎರಡು ಬಸ್ಸು ಬದಲಾಯಿಸಿ ಹೊತ್ತು ತಂದ ಹುರಿಹಿಟ್ಟಿನ ಡಬ್ಬಿಯನ್ನು ಇನ್ನೂ ತೊಡೆಯ ಮೇಲೆಯೇ ಇಟ್ಟುಕೊಂಡು ಅವಳು ಕೂತಿದ್ದಳು.

ಅಮರನಾಥ ಮಸ್ಕತ್ತಿನ ಕ್ಯಾಂಪಿನಲ್ಲಿ ಅವಳ ಗಂಡನ ರೂಮಿನವನು. ಇಬ್ಬರದೂ ಒಂದೇ ಕೆಲಸ, ದೊಡ್ಡ ಕಟ್ಟಡಗಳಿಗೆ ಏಸಿಯ ತಗಡಿನ ಕೊಳವೆ ಜೋಡಿಸುವುದು. ಒಂದು ತಿಂಗಳ ರಜೆ ಮುಗಿಸಿ ನಾಳೆ ಹೊರಡುವವನಿದ್ದ. ಅವಳು ಪೊಟ್ಟಣ ನೋಡುತ್ತಿದ್ದುದನ್ನು ಕಂಡು, ಬಟ್ಟೆ ಮಡಚುತ್ತಲೇ ಹೇಳಿದ: “ಅದಾ ಅತ್ತಿಗೆ, ತ್ರಿವೇಣಿ ಸಿಸ್ಟರ್ ಇದಾರಲ್ಲ, ಅವರಮ್ಮ ಕೊಟ್ಟಿದ್ದು. ನಿನ್ನೆ ಮಾಲೂರಿಗೆ ಹೋಗಿ ಇಸ್ಕೊಂಡ್ ಬಂದೆ. ಸೋನಾಮುಖಿ ಎಲೆ, ಅಳಲೆಕಾಯಿ, ಇನ್ನೂ ಏನೇನೋ ಹಾಕಿ ಕುಟ್ಟಿರೋದಂತೆ. ಅಣ್ಣನ ಹೊಟ್ಟೆ ವಿಷಯ ನಿಮಗೆ ಹೇಳಿರ್ತಾನಲ್ಲ.”

“ಹೇಳಿದಾರೆ,” ಎಂದಳು ಶೋಭಾರಾಣಿ. ಅಷ್ಟು ಬೇಗ, ಅಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಹೇಳಿದಾರೆ ಎಂದದ್ದೇ ತಪ್ಪಾಯಿತು. ಗೊತ್ತಿರುವವಳ ಹತ್ತಿರ ಮುಚ್ಚುಮರೆ ಏನು ಎಂದು ಅಮರನಾಥ ಎಲ್ಲವನ್ನೂ ಬಿಚ್ಚಿಟ್ಟ. ಹದಿನಾಲ್ಕು ಜನಕ್ಕೆ ಎರಡೇ ಕಕ್ಕಸು ಅತ್ತಿಗೆ, ನಾಲ್ಕು ಗಂಟೆಗೆ ಎದ್ದರೂ ಕ್ಯೂ, ಒಳಗೆ ಕೂತು ಒಂದು ನಿಮಿಷ ಆಗೋ ಹಾಗಿಲ್ಲ, ಹೊರಗಿಂದ ದಬದಬ ಬಡಿತಾರೆ. ಬಡಿದ ತಕ್ಷಣ ಅಣ್ಣನಿಗೆ ಕಟ್ಟಿಹೋಗುತ್ತೆ. ಮೂರು ದಿನ, ನಾಲ್ಕು ದಿನ, ಒಂದು ಸಲ ಅಂತೂ ಆರು ದಿನ. ಮೆಸ್ಸಿನಲ್ಲಿ ಮೂರು ಹೊತ್ತೂ ಮೈದಾದ ಕುಬೂಸು ರೊಟ್ಟಿ, ಅದು ಬೇರೆ ಕೇಡು. ಅಣ್ಣ ಮಾಡದೆ ಇರೋ ಔಷಧಿ ಇಲ್ಲ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದ, ಖರ್ಜೂರ ನೆನೆಹಾಕಿ ತಿಂದ, ಕೇರಳದವರ ಅಂಗಡಿಯಿಂದ ಪರಂಗಿಹಣ್ಣು ತಂದು ಒಬ್ಬನೇ ಒಂದು ಹಣ್ಣು ಮುಗಿಸಿದ, ಇಸಬಗೋಲು ಕಲಸಿ ಕುಡಿದ, ಅದು ಗಂಟಲಲ್ಲೇ ಗಟ್ಟಿಯಾಯಿತು. ಕೊನೆಗೆ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಈ ಸಿಸ್ಟರ್. ನಮ್ಮ ಮಾಲೂರಿನವರು ಅಂತ ಗೊತ್ತಾದ ಮೇಲೆ ಕೇಳಬೇಕೆ. ಶುಕ್ರವಾರ ರಜಾ ದಿನ ಫ್ಲಾಸ್ಕಿನಲ್ಲಿ ರಾಗಿ ಅಂಬಲಿ ಮಾಡಿಕೊಂಡು ಬಂದು ಗೇಟಿನ ಹತ್ತಿರ ಕೊಟ್ಟು ಹೋಗ್ತಾರೆ. “ಪಾಪ, ಒಳ್ಳೆ ಹೆಂಗಸು,” ಎಂದು ಅಮರನಾಥ ಮುಗಿಸಿದ. ಎಂಟು ತಿಂಗಳ ಕಥೆ. ಈ ಎಂಟು ತಿಂಗಳಲ್ಲಿ ದಿನವೂ ಮಧ್ಯಾಹ್ನ ಎರಡೂವರೆಗೆ ಅವನ ಫೋನು ಬರುತ್ತಿತ್ತು. ಊಟ ಆಯ್ತಾ ಎಂದು ಅವನು ಕೇಳುತ್ತಿದ್ದ, ಆಯ್ತು, ನಿಮ್ದು ಎಂದು ಅವಳು ಕೇಳುತ್ತಿದ್ದಳು. ಆಯ್ತು ಎನ್ನುತ್ತಿದ್ದ. ಒಳಗೆ ಹೋದದ್ದನ್ನು ದಿನಾ ವಿಚಾರಿಸಿಕೊಂಡ ತಾನು ಅದು ಹೊರಗೆ ಬಂತೇ ಎಂದು ಒಂದು ದಿನವೂ ಕೇಳಲಿಲ್ಲ. ಲೋಕದಲ್ಲಿ ಯಾವ ಹೆಂಡತಿ ಕೇಳುತ್ತಾಳೆ ಎಂದು ಅವಳು ತನ್ನ ಪರವಾಗಿ ತಾನೇ ವಾದ ಮಾಡಿಕೊಂಡಳು. ಆ ವಾದ ನಿಲ್ಲಲಿಲ್ಲ, ಏಕೆಂದರೆ ಒಬ್ಬಳು ಕೇಳಿದ್ದಳು.

ಅಡುಗೆಮನೆಯಿಂದ ಅಮರನಾಥನ ತಾಯಿ ಅಕ್ಕಯಮ್ಮ ಕಾಫಿ ತಂದುಕೊಟ್ಟು, “ತಾಗಮ್ಮಾ, ಎಂಡಲೋ ಒಚ್ಚಿನಾವು,” ಎಂದು ತೆಲುಗಿನಲ್ಲಿ ಹೇಳಿ, ಇವಳು ಬಿಸಿಲಲ್ಲಿ ಬಂದದ್ದಕ್ಕೆ ಮರುಗಿ ಒಳಗೆ ಹೋದಳು. ಅಮರನಾಥ ಸೂಟ್‌ಕೇಸನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಮೂವತ್ತು ಕೆಜಿ ದಾಟಿದೆ ಅನಿಸುತ್ತೆ, ತಾಳಿ, ಪಕ್ಕದ ಮನೆಯಿಂದ ತೂಕದ ಕೊಕ್ಕೆ ಇಸ್ಕೊಂಡ್ ಬರ್ತೀನಿ ಎಂದು ಚಪ್ಪಲಿ ಮೆಟ್ಟಿದ. ಅವಳು ಪೊಟ್ಟಣದೊಂದಿಗೆ ಒಬ್ಬಳೇ ಉಳಿದಳು. ಅವನು ಯಾವ ಮಾತಿನಲ್ಲಿ ಹೇಳಿರಬಹುದು ಎಂಬುದೇ ಅವಳನ್ನು ಕೊರೆಯುತ್ತಿತ್ತು. ಆ ಹೆಂಗಸು ಕಪ್ಪಗಿದ್ದಾಳೋ ಕೆಂಪಗಿದ್ದಾಳೋ, ಮದುವೆಯಾಗಿದೆಯೋ ಇಲ್ಲವೋ, ಅದು ಆಮೇಲಿನ ಮಾತು. ಮೋಷನ್ ಆಗ್ತಿಲ್ಲ ಸಿಸ್ಟರ್ ಎಂದಿರಬೇಕು. ನರ್ಸಿನ ಹತ್ತಿರ ಹೇಳಲಿಕ್ಕೆ ಒಂದು ಮಾತಿದೆ. ಹೆಂಡತಿಯ ಹತ್ತಿರ ಹೇಳಲಿಕ್ಕೆ ಯಾವ ಮಾತಿದೆ? ಹಾಗೆ ಹೇಳುವಾಗ ಅವನ ಮುಖ ಹೇಗಾಗಿರಬಹುದು, ಕಣ್ಣು ತಗ್ಗಿಸಿದನೇ, ಅವಳು ಹೊಟ್ಟೆ ಒತ್ತಿ ನೋಡಿದಳೇ? ನೋಡಿಯೇ ಇರುತ್ತಾಳೆ, ಅದೇ ಅವಳ ಕೆಲಸ. ಬೇರೆ ಥರದ್ದಾಗಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಫೋಟೋ, ಒಂದು ಮೆಸೇಜು, ಹಿಡಿದು ಜಗಳ ಕಾಯಬಹುದಿತ್ತು, ಅಣ್ಣಂದಿರನ್ನು ಕರೆಸಿ ಪಂಚಾಯಿತಿ ಮಾಡಿಸಬಹುದಿತ್ತು. ನನ್ನ ಗಂಡ ತನ್ನ ಮಲಬದ್ಧತೆಯನ್ನು ಇನ್ನೊಬ್ಬಳಿಗೆ ಹೇಳಿಕೊಂಡ ಎಂದು ಯಾರ ಮುಂದೆ ಅಳುವುದು? ಇಡೀ ಯಲ್ದೂರು ಬಿದ್ದು ಬಿದ್ದು ನಗುತ್ತದೆ. ಹೊಟ್ಟೆ ಉರಿಯಿತು. ಉರಿಯುವ ಹಕ್ಕೂ ತನಗಿಲ್ಲವೇನೋ ಎನ್ನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ಹಕ್ಕು ಹೇಗೆ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ವರ್ಷದ ಯುಗಾದಿಗೆ ಅವನನ್ನು ಹೋಳೂರಿನ ಅವಳ ತವರಿಗೆ ಹೊಸ ಅಳಿಯನೆಂದು ಕರೆಸಿದ್ದರು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕಿನ ಮಾಂಸ, ಅದರ ಮಾರನೆಯ ದಿನ ಮಿಕ್ಕಿದ್ದು, ತಿನ್ನು ತಿನ್ನು ಎಂದು ಎಲ್ಲರೂ ಬಡಿಸಿದ್ದೇ ಬಡಿಸಿದ್ದು. ಕಕ್ಕಸು ಮಾತ್ರ ಜಗಲಿಯ ಎದುರಿಗೇ ಇತ್ತು, ತಗಡಿನ ಬಾಗಿಲು, ಒಳಗೆ ಹೋಗುವವರು ಬರುವವರು ಜಗಲಿಯಲ್ಲಿ ಕೂತ ಅಷ್ಟೂ ನೆಂಟರಿಗೆ ಕಾಣುತ್ತಿತ್ತು. ಮೂರನೆಯ ದಿನ ಸಂಜೆ ಅವನು ಅವಳನ್ನು ಹಿತ್ತಲಿಗೆ ಕರೆದು, ಕನಕಾಂಬರದ ಗಿಡದ ಹತ್ತಿರ ನಿಂತು, ಕಿವಿಯಲ್ಲಿ ಎಂಬಂತೆ ಹೇಳಿದ್ದ: ಶೋಭಾ, ಬಂದಾಗಿನಿಂದ ಹೊಟ್ಟೆ ಕಟ್ಟಿಬಿಟ್ಟಿದೆ ಕಣೇ, ಯಾರಿಗೂ ಹೇಳ್ಬೇಡ. ಮುಖ ಮಗುವಿನದಾಗಿತ್ತು. ಅವಳಿಗೆ ಮೈ ಜುಮ್ಮೆಂದಿತ್ತು. ಒಬ್ಬ ಗಂಡಸಿನ ದೇಹದ ಒಳಗಿನ ಸಂಗತಿ ತನ್ನೊಬ್ಬಳಿಗೇ ಗೊತ್ತು. ಗೊತ್ತಿದ್ದು ಸುಮ್ಮನಿರಲು ಆಗಲಿಲ್ಲ. ಅಕ್ಕನಿಗೆ ಮದುವೆಯಾಗಿ ಆರು ವರ್ಷ, ಮಾತುಮಾತಿಗೂ ನಮ್ಮ ಮನೆಯವರು ಹಾಗೆ, ನಮ್ಮ ಮನೆಯವರು ಹೀಗೆ ಎನ್ನುವವಳು. ಅವಳ ಮುಂದೆ ತಾನೂ ಒಬ್ಬನ ಹೆಂಡತಿ ಎಂದು ಅನ್ನಿಸಿಕೊಳ್ಳಬೇಕಿತ್ತು. ಒಲೆಯ ಮುಂದೆ ನಗುತ್ತಾ ಹೇಳಿಬಿಟ್ಟಳು. ಅಕ್ಕ ತನ್ನ ಗಂಡ ಶಿವಕುಮಾರ್ ಭಾವನಿಗೆ ಹೇಳಿದಳು. ಹೊಸ ಅಳಿಯನನ್ನು ಗೋಳುಹೊಯ್ದುಕೊಳ್ಳುವುದು ಆ ಮನೆಯಲ್ಲಿ ಹಬ್ಬದ ಅಡುಗೆಯಷ್ಟೇ ಮುಖ್ಯ. ಭಾವ ಹಿಂದಿನ ವರ್ಷ ಇನ್ನೊಬ್ಬ ಅಳಿಯನ ಹಾಸಿಗೆಯ ಕೆಳಗೆ ಹಪ್ಪಳ ಹರಡಿದ್ದವನು. ಮಾರನೆಯ ಬೆಳಿಗ್ಗೆ ಮೋಹನನ ಕಾಫಿಗೆ ಹರಳೆಣ್ಣೆ ಬಿತ್ತು.

ಎಂಟು ಸಲ. ಜಗಲಿಯಲ್ಲಿ ಕೂತವರು ಎಣಿಸಿದರು. ಇದು ಮೂರನೇದು, ಇದು ನಾಲ್ಕನೇದು ಎಂದು ಭಾವ ಕೂಗುತ್ತಿದ್ದ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಅವಳೂ ನಕ್ಕಿದ್ದಳು. ಅವನೂ ನಕ್ಕ. ಎಂಟನೆಯ ಸಲ ಬಾಗಿಲು ತೆರೆದು ಹೊರಗೆ ಬಂದಾಗ ಹಣೆಯ ಮೇಲೆ ಬೆವರು, ಕೈಯಲ್ಲಿ ಚೊಂಬು, ಮುಖದ ಮೇಲೆ ಆ ನಗೆ. ನಗುತ್ತಲೇ ಅವನು ಎಲ್ಲರನ್ನೂ ದಾಟಿ ಅವಳನ್ನು ಒಮ್ಮೆ ನೋಡಿದ. ಬೈಯಲಿಲ್ಲ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿಯೂ ಏನೂ ಅನ್ನಲಿಲ್ಲ. ಆಮೇಲೆ ಯಾವ ಮದುವೆಗೆ ಹೋದರೂ, ಯಾವ ನಾಮಕರಣಕ್ಕೆ ಹೋದರೂ ಭಾವ ಆ ಕಥೆ ಹೇಳಿದ, ಅವನು ಪ್ರತಿ ಸಲವೂ ನಕ್ಕ. ಆದರೆ ಅಲ್ಲಿಂದೀಚೆಗೆ ತನ್ನ ಮೈಯ ಒಂದು ಸಂಗತಿಯನ್ನೂ ಅವಳ ಹತ್ತಿರ ಹೇಳಲಿಲ್ಲ. ಜ್ವರ ಬಂದರೆ ಮೈ ಮುಟ್ಟಿದಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ಎರಡು ವರ್ಷದ ಹಿಂದೆ ರಜೆಗೆ ಬಂದಾಗ, ಮನೆಯಲ್ಲಿ ಟೈಲ್ಸು ಹಾಕಿಸಿದ ಕಕ್ಕಸು ಇದ್ದರೂ, ದಿನಾ ಬೆಳಗಾಗುವ ಮೊದಲು ಮಾವಿನ ತೋಪಿನ ಕಡೆ ಹೋಗುತ್ತಿದ್ದ. ಬರುವುದು ಒಂದು ಗಂಟೆ ಕಳೆದ ಮೇಲೆ. ಕಾಯಿ ನೋಡಲು ಹೋಗುತ್ತಾರೆ ಎಂದುಕೊಂಡಿದ್ದಳು. ಎಂಥ ಪೆದ್ದಿ ತಾನು. ಡಿಸೆಂಬರಿನಲ್ಲಿ ತೋಪಿನಲ್ಲಿ ಎಲ್ಲಿಯ ಕಾಯಿ.

ಅಮರನಾಥನ ಚಪ್ಪಲಿಯ ಸದ್ದು ಅಂಗಳದಲ್ಲಿ ಕೇಳಿದಾಗ ಪೊಟ್ಟಣ ಅವಳ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅದು ಇದ್ದ ಜಾಗದಲ್ಲಿ ಹುರಿಹಿಟ್ಟಿನ ಡಬ್ಬಿ ಇತ್ತು, ಅದರ ಪಕ್ಕದಲ್ಲಿ ಚಟ್ನಿಪುಡಿ. ಅವನು ಸೂಟ್‌ಕೇಸು ಮುಚ್ಚಿ ಕೊಕ್ಕೆಗೆ ಸಿಕ್ಕಿಸಿ ಎತ್ತಿದ. ಇಪ್ಪತ್ತೊಂಬತ್ತೂ ಮುಕ್ಕಾಲು. “ನೋಡಿ ಅತ್ತಿಗೆ, ಸುಮ್ನೆ ಹೆದರಿದ್ದೆ, ಎಲ್ಲಾ ಸರಿಹೋಯ್ತು,” ಎಂದ. ಅವಳು ತಲೆಯಾಡಿಸಿದಳು. ಅಕ್ಕಯಮ್ಮ ಕುಂಕುಮ ಕೊಟ್ಟು ಕಳಿಸಿದಳು.

ಮುಳಬಾಗಿಲಿನಲ್ಲಿ ಶ್ರೀನಿವಾಸಪುರದ ಬಸ್ಸಿಗೆ ಕಾಯುವಾಗಲೂ, ಕಿಟಕಿಯ ಪಕ್ಕದ ಸೀಟು ಹಿಡಿದು ಕೂತ ಮೇಲೂ, ಬ್ಯಾಗಿನ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ. ಕದ್ದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬದಲಾಗಿ ಒಂದು ಲೆಕ್ಕ ಹಾಕಿದಳು. ಭಾನುವಾರ ಅಮರನಾಥ ತಲುಪುತ್ತಾನೆ. ಪೊಟ್ಟಣ ಸಿಗದಿದ್ದಾಗ ಗಂಡನಿಗೆ ಬೇಸರವಾಗುತ್ತದೆ. ಆ ಬೇಸರದಲ್ಲಾದರೂ ಸೋಮವಾರ ಫೋನಿನಲ್ಲಿ, ಒಂದು ಔಷಧಿ ಬರಬೇಕಿತ್ತು ಶೋಭಾ, ಬರಲಿಲ್ಲ ಎನ್ನುತ್ತಾನೆ. ಯಾವ ಔಷಧಿ ಎಂದು ತಾನು ಕೇಳುತ್ತೇನೆ. ಅವನು ಹೇಳುತ್ತಾನೆ. ಹೇಳಿದ ತಕ್ಷಣ, ಅದೆಲ್ಲಾ ಬಿಡಿ, ನಾನು ಅದಕ್ಕಿಂತ ಒಳ್ಳೆಯದು ಕುಟ್ಟಿ ಕಳಿಸ್ತೀನಿ ಎನ್ನುತ್ತೇನೆ. ಅವನು ಒಂದೇ ಒಂದು ಮಾತು ತನ್ನ ಹತ್ತಿರ ಹೇಳಿದರೆ ಸಾಕು, ಹನ್ನೊಂದು ವರ್ಷದ್ದು ತೀರಿಹೋಗುತ್ತದೆ ಎಂದು ಅವಳು ನಂಬಿದಳು. ಬಸ್ಸು ತೋಪುಗಳ ನಡುವೆ ಹೋಗುತ್ತಿತ್ತು, ಮಾವಿನಕಾಯಿ ತುಂಬಿದ ಟೆಂಪೋಗಳು ಎದುರಾದವು.

ಸೋಮವಾರ ಎರಡೂವರೆಗೆ ಸರಿಯಾಗಿ ಫೋನು ಬಂತು. ಊಟ ಆಯ್ತಾ? ಆಯ್ತು, ನಿಮ್ದು? ಆಯ್ತು. ಹುರಿಹಿಟ್ಟು ಬಂತು, ಚೆನ್ನಾಗಿದೆ. ಹಸು ಹೇಗಿದೆ, ಅಮ್ಮ ಕಣ್ಣಿಗೆ ಹನಿ ಹಾಕ್ಕೊಂತಾಳಾ? ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಆಮೇಲೆ, ದನಿ ಹಗುರ ಮಾಡಿಕೊಂಡು, “ಇನ್ನೇನಾದ್ರೂ ಬೇಕಿತ್ತೇನ್ರಿ, ಬರ್ದೆ ಇರೋದು?” ಎಂದಳು. ಉತ್ತರ ಬರುವವರೆಗೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

“ಇಲ್ಲ ಕಣೇ,” ಎಂದ. “ಎಲ್ಲಾ ಬಂತು.”

ಆವತ್ತು ಸಂಜೆ ಡೇರಿಯಲ್ಲಿ ಅವಳು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಊರಿನ ಹೆಂಗಸರ ಹಾಲು ಸಂಘಕ್ಕೆ ಅವಳೇ ಸೆಕ್ರೆಟರಿ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಲ್ಯಾಕ್ಟೋಮೀಟರ್ ಇಳಿಬಿಟ್ಟು ಹೇಳುವವಳು, ಮುಖ ನೋಡಿದರೂ ಹೇಳಬಲ್ಲಳು. ಎಲ್ಲಾ ಬಂತು ಎಂದನಲ್ಲ. ಎಷ್ಟು ನೀಟಾಗಿ ಹೇಳಿದ. ಮನೆಗೆ ಬಂದು, ಅತ್ತೆಗೆ ಊಟಕ್ಕಿಟ್ಟು, ತಾನು ಎರಡು ತುತ್ತು ನುಂಗಿ, ಬೀರುವಿನ ಸೀರೆಗಳ ಕೆಳಗಿನಿಂದ ಪೊಟ್ಟಣ ತೆಗೆದಳು. ಬಿಚ್ಚಿದರೆ ಒಣಗಿದ ಸೊಪ್ಪಿನ ಕಟುವಾಸನೆ, ನಡುವೆ ಎಲ್ಲೋ ಜೀರಿಗೆ. ನುಣ್ಣಗೆ ವಸ್ತ್ರಗಾಳಿ ಮಾಡಿದ ಪುಡಿ. ಮಾಲೂರಿನಲ್ಲಿ ಒಬ್ಬ ತಾಯಿ ಮಗಳ ಮಾತು ಕೇಳಿ, ಕಾಣದ ಒಬ್ಬ ಚಂದ್ರುವಿಗಾಗಿ ಕೂತು ಜರಡಿ ಹಿಡಿದಿದ್ದಾಳೆ. ಆ ಮಗಳು ತಾಯಿಗೆ ಏನೆಂದು ಹೇಳಿರುತ್ತಾಳೆ, ಅವರ ಮನೆಯಲ್ಲಿ ಅವನ ಹೆಸರು ದಿನಕ್ಕೆ ಎಷ್ಟು ಸಲ ಬರುತ್ತದೆ? ಚೆಲ್ಲಬೇಕೆಂದು ಹಿತ್ತಲಿಗೆ ಒಯ್ದವಳು ಚೆಲ್ಲಲಿಲ್ಲ. ಅವನ ಬಾಯಿಗೆ ಹೋಗಬೇಕಾಗಿದ್ದು ಇದು. ಆ ತ್ರಿವೇಣಿ ಕೊಟ್ಟದ್ದು ಅವನೊಳಗೆ ಹೇಗೆ ಇಳಿಯುತ್ತದೆ, ನೋಡೇಬಿಡೋಣ ಎಂಬ ಹಟ ಬಂತು. ಬಿಸಿನೀರು ಕಾಯಿಸಿದಳು. ಒಂದು ಚಮಚ ಹಾಕಿದಳು. ಬರೆದದ್ದನ್ನು ತಾನೇಕೆ ಪಾಲಿಸಬೇಕು ಎಂದು ಇನ್ನೊಂದು ಚಮಚ ಹಾಕಿ, ಮೂಗು ಮುಚ್ಚಿಕೊಂಡು ಕುಡಿದಳು.

ಬೆಳಿಗ್ಗೆ ಆರಕ್ಕೆ ಡೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಮೊದಲನೆಯ ಸಲ ಆಗಿತ್ತು. ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬೆಳೆದಾಗ ಎರಡನೆಯದು. ಮನೆ ನಾಲ್ಕು ಹೆಜ್ಜೆ ದೂರ ಇದ್ದದ್ದು ಪುಣ್ಯ. ಹೆಂಡತಿಯ ಬದಲು ಹಾಲು ತಂದಿದ್ದ ಕೋದಂಡರಾಮಪ್ಪನವರ ಹಾಲು ಮಿಷನ್ನಿಗೆ ಇಡುವಷ್ಟರಲ್ಲಿ ಕರುಳು ಹಿಂಡಿತು, ಇರಿ ಬಂದೆ ಎಂದು ಓಡಿದಳು. ವಾಪಸು ಬಂದಾಗ ಸಾಲಿನಲ್ಲಿ ಪಿಸಪಿಸ. ಐದು ನಿಮಿಷಕ್ಕೆ ಮತ್ತೆ. “ಏನಮ್ಮಾ ಸೆಕ್ರೆಟರಿ, ಇದು ನಾಲ್ಕನೇದು,” ಎಂದರು ಕೋದಂಡರಾಮಪ್ಪನವರು, ಕೆಟ್ಟವರಲ್ಲ, ಸುಮ್ಮನೆ ತಮಾಷೆಗೆ. ಸಾಲಿಡೀ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅವಳೂ ನಕ್ಕಳು. ನಗುವಾಗ ಕೆನ್ನೆಗಳು ತನ್ನವಲ್ಲದ ಹಾಗೆ ಬಿಗಿದುಕೊಂಡಿದ್ದವು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವನ ಆ ನಗೆ ಏನೆಂದು ಅವಳಿಗೆ ಈಗ ಗೊತ್ತಾಯಿತು. ಹೋಳೂರಿನ ಜಗಲಿಯಲ್ಲಿ ಅವನಿಗೆ ಹೀಗೇ ಆಗಿತ್ತು. ನಗದೆ ಇನ್ನೇನೂ ಮಾಡುವ ಹಾಗಿರಲಿಲ್ಲ.

ಎರಡೂವರೆಗೆ ಫೋನು ಬಂದಾಗ ಅವಳು ಹಿತ್ತಲ ಕಲ್ಲಿನ ಮೇಲೆ ಸುಸ್ತಾಗಿ ಕೂತಿದ್ದಳು. ಅತ್ತೆ ಗಸಗಸೆ ಅರೆದು ಗಂಜಿ ಮಾಡುತ್ತೇನೆಂದು ಒಳಗೆ ಓಡಾಡುತ್ತಿದ್ದಳು.

“ಊಟ ಆಯ್ತಾ?”

“ಇಲ್ಲ. ಬೆಳಗ್ಗೆಯಿಂದ ಏಳು ಸಲ ಹೋಗಿ ಬಂದಿದೀನಿ.”

ಹೀಗೆ ಅವರ ಫೋನಿನಲ್ಲಿ ಯಾರೂ ಎಂದೂ ಮಾತಾಡಿರಲಿಲ್ಲ. ಆ ಕಡೆ ತಗಡು ಕೊರೆಯುವ ಮಿಷನ್ನಿನ ಸದ್ದು ಮಾತ್ರ ಕೇಳುತ್ತಿತ್ತು.

“ಏನ್ ತಿಂದೆ?”

“ಪುಡಿ. ಮಾಲೂರಿಂದು. ಚಂದ್ರು ಅವರಿಗೆ ಅಂತ ಬರ್ದಿತ್ತು. ಅಮರನಾಥನ ಸೂಟ್‌ಕೇಸಿಂದ ನಾನೇ ಎತ್ಕೊಂಡೆ. ಎರಡು ಚಮಚ ಹಾಕ್ಕೊಂಡೆ.”

ಅವನು ಬೈಯುತ್ತಾನೆ ಎಂದುಕೊಂಡಳು. ಬೈದರೆ ಆ ತ್ರಿವೇಣಿಯ ಹೆಸರು ಹಿಡಿದು ತಾನೂ ಶುರು ಮಾಡಬೇಕು ಎಂದು ನಾಲಿಗೆಯ ತುದಿಯಲ್ಲಿ ಎಲ್ಲವನ್ನೂ ಸಿದ್ಧ ಇಟ್ಟುಕೊಂಡಿದ್ದಳು. “ಒಂದು ಅಂತ ಬರ್ದಿರ್ತಾರಲ್ಲೇ,” ಎಂದನು. ಆಮೇಲೆ ಅವನ ಗಂಟಲಿನಲ್ಲಿ ಏನೋ ಸದ್ದಾಯಿತು. ಅಳುತ್ತಿದ್ದಾನೆಯೇ ಎಂದು ಅವಳು ಹೆದರಿದಳು. ನಗುತ್ತಿದ್ದ. ಹೊಟ್ಟೆಯಿಂದ, ಉಸಿರು ಸಿಕ್ಕಿಕೊಂಡು, ನಿಲ್ಲಿಸಲಾರದೆ ನಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಕೇಳಿದ್ದ ಆ ನಗು ಇನ್ನೂ ಅವನಲ್ಲಿ ಉಳಿದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಡೇರಿಲಿ?” ಎಂದ ನಡುವೆ.

“ಡೇರಿಲೇ. ಕೋದಂಡರಾಮಪ್ಪನವರು ನಿಂತ್ಕೊಂಡು ಎಣಿಸ್ತಿದ್ರು.”

ಎಣಿಸ್ತಿದ್ರು ಎಂದ ಕೂಡಲೇ ಅವನ ನಗು ನಿಂತಿತು. ಮಿಷನ್ನೂ ನಿಂತಿತ್ತು.

“ರೀ, ಆವತ್ತು ಹೋಳೂರಲ್ಲಿ…”

“ಬಿಡೇ.”

ಬಿಡಬಹುದಿತ್ತು. ಅವಳು ಬಿಡಲಿಲ್ಲ. “ನಿಮಗೆ ಎಷ್ಟು ದಿನ ಆಯ್ತು?” ಎಂದು ಕೇಳಿದಳು. ಕೇಳಿದ ದನಿ ಅವಳಿಗೇ ಹೊಸದಾಗಿತ್ತು.

ಅವನು ಉತ್ತರ ಕೊಡಲು ತೆಗೆದುಕೊಂಡ ಹೊತ್ತಿನಲ್ಲಿ ಅತ್ತೆ ಒಳಗಿನಿಂದ ಎರಡು ಸಲ ಕರೆದಳು. “ನಾಲ್ಕು,” ಎಂದ ಕೊನೆಗೆ, ತೀರಾ ಮೆಲ್ಲಗೆ. “ಇವತ್ತಿಗೆ ನಾಲ್ಕು ದಿನ. ಆ ಪುಡಿ ಬರುತ್ತೆ ಅಂತ ಕಾಯ್ತಿದ್ದೆ.”

ಹೇಳಿದ, ಕೊನೆಗೂ ತನಗೆ ಹೇಳಿದ ಎಂಬ ಸಂತೋಷ ಒಂದು ಕಡೆ, ನಾಲ್ಕು ದಿನದ ಆ ನೋವಿನಲ್ಲಿ ಎರಡು ದಿನ ತನ್ನದು ಎಂಬುದು ಇನ್ನೊಂದು ಕಡೆ. ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಕುಡೀರಿ, ಬಾಗಿಲು ಬಡಿದರೆ ಬಡೀಲಿ, ಏಳ್ಬೇಡಿ ಎಂದಳು. ಹೂಂ ಎಂದ. ಆಮೇಲೆ ಅವಳು, “ನಾನು ಕದ್ದಿದ್ದು ಯಾರಿಗೂ ಹೇಳ್ಬೇಡಿ,” ಎಂದಳು.

“ಹೇಳಲ್ಲ ಕಣೇ,” ಎಂದ. ಸ್ವಲ್ಪ ತಡೆದು, “ನಾನು ಹೇಳಲ್ಲ,” ಎಂದ.

ಫೋನು ಇಟ್ಟ ಮೇಲೂ ಅವಳು ಕಲ್ಲಿನ ಮೇಲಿಂದ ಏಳಲಿಲ್ಲ. ಎರಡನೆಯ ಸಲ ಹೇಳಿದ್ದರಲ್ಲಿ ಏನಿತ್ತು ಎಂದು ಹಿಂದೆಮುಂದೆ ಮಾಡಿ ನೋಡಿದಳು. ಮಾತು ಕೊಟ್ಟನೋ, ಹನ್ನೊಂದು ವರ್ಷದ್ದನ್ನು ಇವತ್ತು ಎತ್ತಿ ಆಡಿದನೋ, ತಿಳಿಯಲಿಲ್ಲ. ಎರಡೂ ಇರಬಹುದು, ಎರಡಕ್ಕೂ ತಾನು ಬಾಧ್ಯಳೇ. ಅಷ್ಟಕ್ಕೇ ಬಿಟ್ಟಿದ್ದರೆ ಸಮಾಧಾನವಾಗಿ ಗಂಜಿ ಕುಡಿಯಬಹುದಿತ್ತು. ಆದರೆ ಇವತ್ತು ಮಂಗಳವಾರ. ಶುಕ್ರವಾರ ಆ ಹೆಂಗಸು ಫ್ಲಾಸ್ಕು ಹಿಡಿದು ಗೇಟಿನ ಹತ್ತಿರ ಬರುತ್ತಾಳೆ. ಅಮ್ಮನ ಪುಡಿ ಸರಿಹೋಯ್ತಾ ಚಂದ್ರು ಎಂದು ಕೇಳುತ್ತಾಳೆ. ಆಗ ಇವನು ಏನಾದರೊಂದು ಹೇಳಲೇಬೇಕು. ಈಗ ನಕ್ಕ ಆ ನಗು ಆಗ ಅವನ ತುಟಿಗೆ ಬರದೆ ಇರುತ್ತದೆಯೇ? ಬಂದರೆ ಅವಳು ಯಾಕೆ ನಗ್ತಿದ್ದೀರಿ ಎನ್ನದೆ ಇರುತ್ತಾಳೆಯೇ? ಅಕ್ಕನ ಮುಂದೆ ಒಲೆಯ ಹತ್ತಿರ ತಾನು ನಿಂತಿದ್ದಂತೆ ಅವನು ಗೇಟಿನ ಹತ್ತಿರ ನಿಂತಿರುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಹೊಟ್ಟೆಯೊಳಗೆ ಮತ್ತೆ ತಿರುಚಿತು. ಚೊಂಬು ಹಿಡಿದು ಎದ್ದಳು. ಹಿತ್ತಲಿನಲ್ಲಿ ಯಾರೂ ಇರಲಿಲ್ಲ, ಎಣಿಸುವವರಿರಲಿಲ್ಲ. ಬಾಗಿಲು ಹಾಕಿಕೊಳ್ಳುವಾಗ ತಾನೇ ಎಣಿಸಿದಳು, ಎಂಟು.